ಬುಟ್ಟಿಯ ಲೆಕ್ಕ

ಮತ್ತೀಕೆರೆಯ ನನ್ನ ಒಂದೂವರೆ ಕೋಣೆಗೆ
ಶತಮಾನೋತ್ಸವ ಸಮಿತಿಯ ಹುಡುಗಿ ಬಂದಿದ್ದಳು.
ಮೊಬೈಲನ್ನು ಸ್ಟೂಲಿನ ಮೇಲೆ, ಮಾತ್ರೆ ಡಬ್ಬಿಗೆ ಒರಗಿಸಿಟ್ಟು
'ತಾತ, ಅವರ ಬುದ್ಧಿಯ ಬಗ್ಗೆ ಒಂದು ಘಟನೆ ಹೇಳಿ' ಅಂದಳು,
'ಮೈ ಜುಂ ಅನ್ನಬೇಕು.'

ಘಟನೆಗಳು ಅವಳ ಹತ್ತಿರವೇ ಬೇಕಾದಷ್ಟಿದ್ದವು.
ಹೆಮ್ಮಿಗೆ ಮೇಷ್ಟ್ರು ಐದನೇ ವಯಸ್ಸಿಗೇ
ಬಸ್ಸಿನ ನಂಬರುಗಳನ್ನು ಗುಣಿಸುತ್ತಿದ್ದರಂತೆ.
ಮಲ್ಲೇಶ್ವರದಲ್ಲಿ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವಷ್ಟರಲ್ಲಿ
ಅರವತ್ತು ವರ್ಷ ಯಾರೂ ಬಿಡಿಸದ ಗಂಟು ಬಿಡಿಸಿದ್ದರಂತೆ.
ಪೆನ್ಸಿಲನ್ನೇ ಮುಟ್ಟುತ್ತಿರಲಿಲ್ಲವಂತೆ.

ಅಂತೆ.
ಮೂವತ್ತೊಂದು ವರ್ಷ ಆ ರೂಮು ಗುಡಿಸಿದವನು ನಾನು,
ಅಟೆಂಡರ್ ಪಿಳ್ಳಪ್ಪ.
ಮೇಜಿನ ಕೆಳಗೆ ದಿನಾ ಒಂದು ಬೊಗಸೆ ಪೆನ್ಸಿಲ್ ಸಿಪ್ಪೆ.
ಕಿಟಕಿ ಬದಿಗೆ ಮೇದರು ಹೆಣೆದ ಬುಟ್ಟಿ,
ಮಧ್ಯಾಹ್ನದೊಳಗೆ ತುಂಬಿ ತುಳುಕುವುದು.
ವಾರಕ್ಕೆ ಎರಡೂವರೆ ಕೆಜಿ ಕಾಗದ,
ಯಶವಂತಪುರದ ಗುಜರಿ ಮೀರಾಸಾಬಿಯ ತಕ್ಕಡಿ ಹೇಳಿದ್ದು.
ಬುದ್ಧಿಯ ತೂಕ ನನಗೆ ಗೊತ್ತಿಲ್ಲ ಕಣಮ್ಮ,
ತಪ್ಪಿನ ತೂಕ ಗೊತ್ತು.

ಛತ್ರಿ ನಾನು ಮರೆತರೆ ಬೈಸಿಕೊಂಡೆ.
ಅವರು ಮರೆತರೆ, ಒಂದೇ ಮಳೆಗಾಲದಲ್ಲಿ ನಾಲ್ಕು,
ಆಳವಾದ ಚಿಂತನೆ ಅಂದರು.
ಎಂಟನೇ ಕ್ರಾಸಿನಲ್ಲಿ ಹೂ ಕಟ್ಟುತ್ತಿದ್ದ ನನ್ನವಳು ಅಕ್ಕಯ್ಯಮ್ಮ
ಒಮ್ಮೆ ಅವರ ಚಿಲ್ಲರೆ ಲೆಕ್ಕ ತಿದ್ದಿದಳು.
ಅದೂ ಅವರದೇ ಕಥೆಯಾಯಿತು:
'ಅಂಥಾ ತಲೆ, ಮೂರು ರೂಪಾಯಿ ಎಣಿಸೋಕೆ ಬರಲ್ಲ ನೋಡಿ!'
ಅದರಲ್ಲಿ ಅಕ್ಕಯ್ಯಮ್ಮ ಇಲ್ಲ.

ಹಾಗಂತ ದಡ್ಡರಾ? ಛೆ, ಛೆ.
ಹನ್ನೊಂದು ರೂಮು ಗುಡಿಸಿದ್ದೇನೆ.
ಮಿಕ್ಕ ಬುಟ್ಟಿಗಳಲ್ಲಿ ಕಿತ್ತಳೆ ಸಿಪ್ಪೆ, ಬಸ್ ಟಿಕೆಟ್ಟು,
ಒಂದರಲ್ಲಿ ಏನೂ ಇರುತ್ತಿರಲಿಲ್ಲ.

ಒಂದು ಶನಿವಾರ ಪಂಚೆಯಲ್ಲೇ ಬಂದರು, ಏದುಸಿರು.
'ಪಿಳ್ಳಪ್ಪ, ಹೋದ ತಿಂಗಳ ಬುಟ್ಟಿ?'
ಗುಜರಿಗೆ ಹೋದೆವು. ಮೀರಾಸಾಬಿ ಕೈ ಆಡಿಸಿದ,
ಕಾಗದವೆಲ್ಲ ಸ್ಯಾಂಕಿ ಕೆರೆ ಏರಿಯ ಅಂಜಿನಪ್ಪನಿಗೆ,
ಕಡಲೆಕಾಯಿ ಗಾಡಿಗೆ.
ನಲವತ್ತು ಪೊಟ್ಟಣ ಉಳಿದಿದ್ದವು. ಅಷ್ಟನ್ನೂ ಕೊಂಡೆವು,
ದುಡ್ಡು ನನ್ನದು, ಅವರು ಪರ್ಸು ತಂದಿರಲಿಲ್ಲ.
ಕಲ್ಲು ಬೆಂಚಿನ ಮೇಲೆ ಕೂತು ಒಂದೊಂದೇ ಬಿಚ್ಚಿದರು.
ಕಾಳು ನನ್ನ ಟವಲಿಗೆ, ಕಾಗದ ಅವರ ಮೊಣಕಾಲಿಗೆ.
ಬೀದಿ ದೀಪ ಹತ್ತಿತು.
ಆ ಹಾಳೆ ಮಾತ್ರ ಇರಲಿಲ್ಲ.
ಯಾರೋ ತಿಂದು ನೀರಿಗೆಸೆದಿರಬೇಕು.

'ಅದು ಸರಿ ಇತ್ತು ಕಣೋ' ಅಂದರು.
'ನನ್ನ ಕೈಯಲ್ಲೇ ಇತ್ತು. ಗುರುತೇ ಸಿಗಲಿಲ್ಲ.'
ಆಮೇಲೆ ಕಡಲೆಕಾಯಿ ತಿನ್ನತೊಡಗಿದರು,
ಹಸಿದವರ ಹಾಗೆ.

ಸೋಮವಾರ ಹೊಸ ಪೆನ್ಸಿಲ್ ಡಜನ್ ತರಿಸಿದರು.
ಹದಿನಾಲ್ಕು ತಿಂಗಳು ಹಿಡಿಯಿತು.
ವಿಭಾಗದ ಬಾಗಿಲಲ್ಲಿ ಕಲ್ಲು ಹೇಳುತ್ತದೆ: 'ಒಂದೇ ರಾತ್ರಿಯಲ್ಲಿ'.

ಹುಡುಗಿ ಮೊಬೈಲು ಎತ್ತಿಕೊಂಡಳು.
'ಸ್ವಲ್ಪ ಉದ್ದ ಆಯ್ತು ತಾತ. ಆ ಬಸ್ಸಿನದು ನಿಜ ತಾನೇ?'
'ಬಸ್ಸಿನಲ್ಲಿ ನಿದ್ದೆ ಹೊಡೀತಿದ್ದರು ಕಣಮ್ಮ, ಬಾಯಿ ತೆರೆದು.'
ಅವಳು ನಕ್ಕಳು. ಅದನ್ನು ಬರೆದುಕೊಳ್ಳಲಿಲ್ಲ.
'ಪ್ರತಿಮೆ ಎಷ್ಟು ಎತ್ತರ?' ಕೇಳಿದೆ.
'ಪೀಠ ಸೇರಿ ಒಂಬತ್ತಡಿ.'
ಮೇಷ್ಟ್ರು ನನ್ನ ಭುಜಕ್ಕೆ ಬರುತ್ತಿದ್ದರು.

ಈಗಲೂ ಸಂಜೆ ಏರಿಯ ಮೇಲೆ ಪೊಟ್ಟಣ ಕೊಳ್ಳುತ್ತೇನೆ.
ಹಲ್ಲಿಲ್ಲ, ಕಾಳೆಲ್ಲ ಅಳಿಲಿಗೆ.
ಕಾಗದ ಮಾತ್ರ ಬಿಡಿಸಿ, ತೊಡೆಯ ಮೇಲೆ ಸುಕ್ಕು ತೀಡಿ,
ದೀಪಕ್ಕೆ ಹಿಡಿದು ನೋಡುತ್ತೇನೆ:
ಯಾರದೋ ಕರೆಂಟ್ ಬಿಲ್ಲು,
ಯಾವುದೋ ಮಗುವಿನ ಮಗ್ಗಿ, ಏಳೆಂಟ್ಲ ಐವತ್ತನಾಲ್ಕು.
ಮಡಚಿ ಜೇಬಿಗಿಡುತ್ತೇನೆ.
ಎಸೆಯಲು ಕೈ ಬರುವುದಿಲ್ಲ.